ಲಾಜಿಕ್ ಕರೆಕ್ಟಾಗಿದೆ!

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯಲ್ಲಿದ್ದೆ. ಸಾಲದ ಅರ್ಜಿಗಳನ್ನು ಜರಡಿ ಹಿಡಿಯುವ ಸಾಫ್ಟ್‌ವೇರ್ ಬರೆಯೋದು ನಮ್ಮ ಟೀಮಿನ ಕೆಲಸ. ಯಾವ ಅರ್ಜಿ ಮುಂದಿನ ಹಂತಕ್ಕೆ ಹೋಗಬೇಕು, ಯಾವುದು ಅಲ್ಲೇ ಬಿದ್ದುಹೋಗಬೇಕು ಅಂತ ತೀರ್ಮಾನಿಸುವ ಹತ್ತಾರು ರೂಲುಗಳಲ್ಲಿ ಒಂದನ್ನು ಬರೆದವನು ನಾನು. ರೂಲು ತುಂಬಾ ಸರಳ. ಮೂರು ದಾಖಲೆಗಳಲ್ಲಿ ಅರ್ಜಿದಾರರ ಹೆಸರು ಒಂದಕ್ಕೊಂದು ಹೊಂದದಿದ್ದರೆ ಅರ್ಜಿ ಅನುಮಾನಾಸ್ಪದ. ಅನುಮಾನಾಸ್ಪದವಾದರೆ ರಿಜೆಕ್ಟ್. ಟೆಸ್ಟ್ ಕೇಸುಗಳೆಲ್ಲ ಪಾಸಾದವು, ರಿವ್ಯೂ ಮಾಡಿದವರು ಒಂದೂ ಕಾಮೆಂಟ್ ಹಾಕದೆ ಅಪ್ರೂವ್ ಮಾಡಿದರು, ಕೋಡ್ ಪ್ರೊಡಕ್ಷನ್ನಿಗೆ ಹೋಯಿತು.

ಎರಡು ತಿಂಗಳಾದ ಮೇಲೆ ಕಂಪ್ಲೇಂಟ್ ಬಂತು. ಹಳ್ಳಿ ಕಡೆಯ ಅರ್ಜಿಗಳು ರಾಶಿ ರಾಶಿ ಬಿದ್ದುಹೋಗ್ತಿವೆ, ಏನೋ ಬಗ್ ಇರಬೇಕು ನೋಡಿ ಅಂತ. ಒಂದು ಸಂಜೆಯಿಡೀ ಕೂತು ಸಾಲು ಸಾಲಾಗಿ ಕೋಡ್ ನೋಡಿದೆ. ಬಗ್ ಇರಲಿಲ್ಲ. ಮರುದಿನದ ಮೀಟಿಂಗಿನಲ್ಲಿ ಎದೆಯುಬ್ಬಿಸಿ ಹೇಳಿದೆ: "ಲಾಜಿಕ್ ಕರೆಕ್ಟಾಗಿದೆ. ಪ್ರಾಬ್ಲಮ್ ಇರೋದು ಡೇಟಾದಲ್ಲಿ." ಎಲ್ಲರಿಗೂ ಸಮಾಧಾನವಾಯಿತು. ನನಗೂ.

ಆ ರಾತ್ರಿ ಯಾಕೋ ರಿಜೆಕ್ಟ್ ಆದವರ ಪಟ್ಟಿ ತೆಗೆದು ನೋಡ್ತಾ ಕೂತೆ. ಒಂದು ಕಡೆ ಕೆಂಪಮ್ಮ, ಇನ್ನೊಂದು ಕಡೆ ಕೆಂಪಮ್ಮ ಕೋಂ ಸಣ್ಣೇಗೌಡ, ಮತ್ತೊಂದು ಕಡೆ ಕೆಂಪಾಜಮ್ಮ. ಇಂಥವೇ, ಪುಟದ ಮೇಲೆ ಪುಟ. ಆಗ ನೆನಪಾದದ್ದು ನಮ್ಮಮ್ಮ. ಅಮ್ಮ ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಲಕ್ಷ್ಮಿ. ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದು, ಅಮ್ಮನ ಕಾಗದಪತ್ರ ಸರಿಮಾಡಿಸೋಕೆ ನಾಲ್ಕು ಸಲ ತಾಲ್ಲೂಕು ಆಫೀಸಿಗೆ ಅಲೆದ ನಾನೇ ಬರೆದ ರೂಲು ನಮ್ಮಮ್ಮನನ್ನು ಅನುಮಾನಾಸ್ಪದ ವ್ಯಕ್ತಿ ಅಂತ ತಳ್ಳಿಹಾಕುತ್ತಿತ್ತು.

ಹಾಗಾದರೆ ಮೀಟಿಂಗಿನಲ್ಲಿ ನಾನು ಹೇಳಿದ್ದು ಸುಳ್ಳಾ? ಅಲ್ಲ. ಲಾಜಿಕ್ ನಿಜಕ್ಕೂ ಸರಿಯಾಗಿತ್ತು. ನನ್ನನ್ನು ಕಾಡಿದ್ದೇ ಅದು. ಎಲ್ಲ ಸರಿಯಾಗಿದ್ದೂ ಇಷ್ಟು ದೊಡ್ಡ ತಪ್ಪಾಗುತ್ತೆ ಅಂದರೆ, ಈ ಲಾಜಿಕ್ ಅನ್ನೋದು ಅಷ್ಟಕ್ಕೂ ಏನು? ಅದು ಯಾವುದಕ್ಕೆ ಗ್ಯಾರಂಟಿ ಕೊಡುತ್ತೆ, ಯಾವುದಕ್ಕೆ ಕೊಡಲ್ಲ? ಬಿ.ಇ. ಮೂರನೇ ಸೆಮಿಸ್ಟರಿನಲ್ಲಿ ಲಾಜಿಕ್ ಡಿಸೈನ್ ಪಾಸು ಮಾಡಿದ್ದೆ. 7400 ಐಸಿಯನ್ನು ಬ್ರೆಡ್‌ಬೋರ್ಡಿಗೆ ಚುಚ್ಚಿ ಎಲ್‌ಇಡಿ ಹೊತ್ತಿಸಿದ್ದೆ. ಈ ಪ್ರಶ್ನೆ ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ. ಆಮೇಲೆ ಮೆಟ್ರೋದಲ್ಲಿ, ಭಾನುವಾರಗಳಲ್ಲಿ ಓದಿಕೊಂಡ ಕಥೆಯನ್ನೇ ಇಲ್ಲಿ ಹೇಳ್ತಿದ್ದೀನಿ.

ಕಥೆ ಶುರುವಾಗೋದು ಕ್ರಿ.ಪೂ. 4ನೇ ಶತಮಾನದ ಅಥೆನ್ಸಿನಲ್ಲಿ. ಆ ಊರಲ್ಲಿ ನಾಲಿಗೆ ಚುರುಕಿದ್ದವನಿಗೆ ಬೆಲೆ. ಕೋರ್ಟಿನಲ್ಲಿ ನಿಮ್ಮ ಪರ ನೀವೇ ಮಾತಾಡಬೇಕು, ತೀರ್ಪು ಕೊಡುವವರು ನೂರಾರು ಜನ ಸಾಮಾನ್ಯ ನಾಗರಿಕರು. ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಸಾವಿನ ಶಿಕ್ಷೆ ಆಗಿದ್ದೂ ಅಂಥದ್ದೇ ಸಭೆಯ ಮತದಿಂದ. ಹಾಗಾಗಿ ವಾದ ಗೆಲ್ಲೋದು ಹೇಗೆ ಅಂತ ಕಾಸು ಇಸಕೊಂಡು ಕಲಿಸುವವರಿಗೆ ಬರವಿರಲಿಲ್ಲ. ಇಂಥ ಕಡೆ ಅರಿಸ್ಟಾಟಲ್ ಬೇರೆಯದೇ ಪ್ರಶ್ನೆ ಎತ್ತಿದ: ಕೇಳೋಕೆ ಸರಿ ಅನ್ನಿಸುವ ವಾದಕ್ಕೂ ನಿಜವಾಗಿ ಸರಿ ಇರುವ ವಾದಕ್ಕೂ ವ್ಯತ್ಯಾಸ ಏನು?

ಅದಕ್ಕೆ ಅವನು ಹೂಡಿದ ಉಪಾಯ ಇವತ್ತಿಗೂ ನಮ್ಮ ಅನ್ನ. ಮಾತಿನ ಒಳಗಿನ ವಿಷಯ ತೆಗೆದು ಅಲ್ಲಿ ಅಕ್ಷರಗಳನ್ನಿಟ್ಟ. ಎಲ್ಲ ಕ-ಗಳೂ ಖ, ಎಲ್ಲ ಖ-ಗಳೂ ಗ, ಆದ್ದರಿಂದ ಎಲ್ಲ ಕ-ಗಳೂ ಗ. ಕ ಅಂದರೆ ಏನು? ಹಸು ಆಗಬಹುದು, ನಕ್ಷತ್ರ ಆಗಬಹುದು. ಏನಾದರೂ ಆಗಲಿ, ಮೊದಲ ಎರಡು ಮಾತು ನಿಜವಾದರೆ ಮೂರನೆಯದು ನಿಜವಾಗದೆ ಗತ್ಯಂತರವಿಲ್ಲ. ವೇರಿಯಬಲ್ ಅಂತ ನಾವು ದಿನಾ ಬಳಸುವ ವಸ್ತುವಿನ ಮುತ್ತಜ್ಜ ಇದು. ಮೋಸದ ವಾದಗಳನ್ನು ವಿಂಗಡಿಸಿದ ಪುಸ್ತಕದ ಕೊನೆಯಲ್ಲಿ ಅವನು ಓದುಗರಿಗೊಂದು ಮಾತು ಹೇಳ್ತಾನೆ. ಈ ವಿಷಯದಲ್ಲಿ ನನಗಿಂತ ಮುಂಚೆ ಏನೂ ಇರಲಿಲ್ಲ, ಕೊರತೆ ಕಂಡರೆ ಕ್ಷಮಿಸಿ, ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಅನ್ನಿ ಎಂಬರ್ಥದಲ್ಲಿ. ಹೊಸ ಪ್ರಾಜೆಕ್ಟಿನ ಮೊದಲ ರಿಲೀಸ್ ನೋಟ್ ಓದಿದ ಹಾಗಿತ್ತು.

ಆದರೆ ಅಕ್ಷರಗಳ ಜೊತೆಗೇ ಒಂದು ಬಿರುಕೂ ಬಂತು. ಎಲ್ಲ ಹಸುಗಳಿಗೂ ರೆಕ್ಕೆ ಇವೆ, ರೆಕ್ಕೆ ಇರುವುದೆಲ್ಲ ಹಾರುತ್ತೆ, ಆದ್ದರಿಂದ ಎಲ್ಲ ಹಸುಗಳೂ ಹಾರುತ್ತವೆ. ಈ ವಾದದ ಹೆಜ್ಜೆ ನೂರಕ್ಕೆ ನೂರು ಸರಿ. ಹೊರಟ ಜಾಗವೇ ತಪ್ಪು. ಅರಿಸ್ಟಾಟಲ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ನಿಜವಾದ ಜ್ಞಾನ ಅನ್ನಿಸಿಕೊಳ್ಳಬೇಕಾದರೆ ಹೊರಡುವ ಮಾತುಗಳೂ ನಿಜವಾಗಿರಬೇಕು ಅಂತ ಬೇರೊಂದು ಪುಸ್ತಕದಲ್ಲಿ ಬರೆದಿದ್ದಾನೆ. ಬೇರೊಂದು ಪುಸ್ತಕದಲ್ಲಿ! ಅಂದರೆ ಹೆಜ್ಜೆ ಪರೀಕ್ಷೆ ಒಂದು ಇಲಾಖೆ, ಹೊರಟ ಜಾಗದ ಪರೀಕ್ಷೆ ಇನ್ನೊಂದು ಇಲಾಖೆ. ಎರಡರ ನಡುವೆ ಫೈಲು ಓಡಾಡಿದರೆ ಸರಿ, ಇಲ್ಲದಿದ್ದರೆ ನನ್ನ ಕಥೆ.

ಅವನ ನಂತರದವರು ಈ ಬರಹಗಳನ್ನೆಲ್ಲ ಸೇರಿಸಿ 'ಆರ್ಗನಾನ್' ಅಂದರು. ಅಂದರೆ ಉಪಕರಣ. ಲಾಜಿಕ್ ತತ್ವಶಾಸ್ತ್ರದ ಭಾಗ ಅಲ್ಲ, ತತ್ವಶಾಸ್ತ್ರ ಮಾಡೋಕೆ ಬೇಕಾದ ಸಲಕರಣೆ ಅನ್ನೋದು ಅವರ ನಿಲುವು. ಸ್ಟೋಯಿಕರು ಒಪ್ಪಲಿಲ್ಲ. ತತ್ವಶಾಸ್ತ್ರಕ್ಕೆ ಮೂರು ಭಾಗ: ಪ್ರಕೃತಿಯ ವಿಚಾರ, ನಡತೆಯ ವಿಚಾರ, ಲಾಜಿಕ್. ಮೂರೂ ಒಂದೇ ಮೈಯ ಅಂಗಗಳು ಅಂದರು. ಕೇಳೋಕೆ ಬರೀ ಹೆಸರಿನ ಜಗಳದಂತಿದೆ. ಯೋಚಿಸಿ ನೋಡಿ. ಮಚ್ಚು ಬರೀ ಸಲಕರಣೆ. ಅದು ಎಳನೀರು ಕೆತ್ತಿದರೂ ಬೆರಳು ಕುಯ್ದರೂ ಮಚ್ಚಿನ ತಪ್ಪೇನಿಲ್ಲ. ಕಣ್ಣು ಸಲಕರಣೆ ಅಲ್ಲ, ಮೈಯ ಭಾಗ. ಹಳ್ಳಕ್ಕೆ ಬಿದ್ದರೆ ಕಣ್ಣನ್ನೂ ಕೇಳ್ತೀವಿ, "ಎಲ್ಲಿತ್ತು ನಿನ್ನ ಕಣ್ಣು?" ಅಂತ. ನಾನು ಮೀಟಿಂಗಿನಲ್ಲಿ ಲಾಜಿಕ್ಕನ್ನು ಮಚ್ಚು ಮಾಡಿ ಕೈ ತೊಳಕೊಂಡಿದ್ದೆ.

ಸ್ಟೋಯಿಕರಿಂದ ನಮಗೆ ಬಂದ ಇನ್ನೊಂದು ಆಸ್ತಿ ಇಫ್ ಸ್ಟೇಟ್‌ಮೆಂಟ್. ಕ್ರಿ.ಪೂ. 3ನೇ ಶತಮಾನದ ಕ್ರಿಸಿಪ್ಪಸ್ ಪದಗಳ ಬದಲು ಇಡೀ ವಾಕ್ಯಗಳನ್ನೇ ಹಿಡಿದುಕೊಂಡ. ಮೊದಲನೆಯದಾದರೆ ಎರಡನೆಯದು, ಮೊದಲನೆಯದು ಹೌದು, ಆದ್ದರಿಂದ ಎರಡನೆಯದು. ಅವನು ಹೇಳುತ್ತಿದ್ದ ಒಂದು ನಾಯಿಯ ಕಥೆಯೂ ಇದೆ. ಬೇಟೆಯ ಹಿಂದೆ ಓಡುವ ನಾಯಿ ಮೂರು ದಾರಿ ಕೂಡುವ ಜಾಗಕ್ಕೆ ಬರುತ್ತೆ. ಒಂದು ದಾರಿ ಮೂಸುತ್ತೆ, ವಾಸನೆ ಇಲ್ಲ. ಇನ್ನೊಂದನ್ನು ಮೂಸುತ್ತೆ, ಇಲ್ಲ. ಮೂರನೆಯದನ್ನು ಮೂಸದೆಯೇ ಅದರಲ್ಲಿ ಓಡುತ್ತೆ. ಇದೋ ಅದೋ ಮತ್ತೊಂದೋ, ಇದಲ್ಲ, ಅದಲ್ಲ, ಹಾಗಾದರೆ ಮತ್ತೊಂದೇ. ನಾಯಿಗೆ ಲಾಜಿಕ್ ಗೊತ್ತಾ? ಅಥವಾ ಅದಕ್ಕೆ ಗೊತ್ತಿಲ್ಲದೆಯೇ ಅದರ ಓಟ ಸರಿಯಾ? ಲಾಜಿಕ್ ಅಂದರೆ ತಲೆಯೊಳಗೆ ಯೋಚನೆ ಹೇಗೆ ನಡೆಯುತ್ತೆ ಅನ್ನೋದರ ವರದಿಯೋ, ಹೇಗೆ ನಡೆಯಬೇಕು ಅನ್ನೋದರ ಕಾನೂನೋ? ಈ ಪ್ರಶ್ನೆ ಎರಡು ಸಾವಿರ ವರ್ಷ ದಾಟಿ ಮತ್ತೆ ಬರುತ್ತೆ, ಕಾದಿರಿ.

ಅಷ್ಟರಲ್ಲಿ ನಮ್ಮ ಕಡೆ ಏನಾಗ್ತಿತ್ತು ಅಂತ ನೋಡೋಣ. 'ಎಲ್ಲವನ್ನೂ ನಾವೇ ಮೊದಲು ಕಂಡುಹಿಡಿದಿದ್ದು' ಅನ್ನುವ ವಾಟ್ಸಾಪ್ ಫಾರ್ವರ್ಡ್ ಅಲ್ಲ ಇದು, ಹೆದರಬೇಡಿ. ಆದರೆ ನನ್ನ ತಪ್ಪಿಗೆ ಸರಿಯಾದ ಹೆಸರು ಸಿಕ್ಕಿದ್ದು ಇಲ್ಲೇ.

ಅಕ್ಷಪಾದ ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರ ಒಂದು ವಾದಕ್ಕೆ ಐದು ಅಂಗ ಹೇಳುತ್ತೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಆಮೇಲಿನವರ ಬಾಯಲ್ಲಿ ಸವೆದುಹೋದ ಪಾಠ ಬೆಟ್ಟದ ಹೊಗೆಯದ್ದು. ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆ? ಹೊಗೆ ಕಾಣ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದ ಮೇಲೂ ಅಂಥದ್ದೇ ಹೊಗೆ ಇದೆ. ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇದೆ.

ಮೊದಲ ಸಲ ಓದಿದಾಗ ನನ್ನೊಳಗಿನ ಎಂಜಿನಿಯರ್ ಗೊಣಗಿದ. ಐದು ಯಾಕೆ, ಮೂರು ಸಾಕಲ್ಲ? ಅಡುಗೆಮನೆ ಯಾಕೆ ಬಂತು ಮಧ್ಯೆ? 'ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ' ಅಂದ ಮೇಲೆ ಉದಾಹರಣೆ ದಂಡ ಅಲ್ವಾ? ಎರಡನೇ ಸಲ ಓದಿದಾಗ ಗೊತ್ತಾಯಿತು, ಅಡುಗೆಮನೆಯೇ ಇದರ ಜೀವಾಳ. ನ್ಯಾಯದವರ ಪಾಲಿಗೆ ವಾದ ಅಂದರೆ ಕಾಗದದ ಮೇಲಿನ ಅಕ್ಷರಗಳ ಆಟ ಅಲ್ಲ, ಎದುರಿಗೆ ಕೂತವನಿಗೂ ನಿಜ ತಿಳಿಯುವಂತೆ ಮಾಡುವ ಕೆಲಸ. 'ಎಲ್ಲೆಲ್ಲಿ' ಅಂತ ದೊಡ್ಡ ಮಾತು ಆಡಿದೆಯಾ? ಸರಿ, ನಾವಿಬ್ಬರೂ ಕಣ್ಣಾರೆ ಕಂಡು ಒಪ್ಪಿರುವ ಒಂದು ಜಾಗ ತೋರಿಸು. ಅವರ ಲಾಜಿಕ್ಕಿನಲ್ಲಿ ಹೊರಟ ಜಾಗದ ಪರೀಕ್ಷೆ ಬೇರೆ ಇಲಾಖೆ ಅಲ್ಲ. ವಾದದ ಹೊಟ್ಟೆಯೊಳಗೇ ಕೂತಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಗೆ ಇದ್ದಲ್ಲೆಲ್ಲ ಬೆಂಕಿ, ಒಪ್ಪಿದೆವು. ಬೆಂಕಿ ಇದ್ದಲ್ಲೆಲ್ಲ ಹೊಗೆ ಅನ್ನಬಹುದಾ? ಅಡುಗೆಮನೆ ನೋಡಿದರೆ ಹೌದು ಅನ್ನಿಸುತ್ತೆ. ಆದರೆ ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಕೆಂಡದಂಥ ಬೆಂಕಿ ಇದೆ, ಹೊಗೆ ಇಲ್ಲ. ಹಾಗಾದರೆ ಅಡುಗೆಮನೆಯಲ್ಲಿ ಹೊಗೆ ಬಂದಿದ್ದು ಎಲ್ಲಿಂದ? ಹಸಿ ಸೌದೆಯಿಂದ. ಬೆಂಕಿ ಮತ್ತು ಹೊಗೆಯ ಮಧ್ಯೆ ಯಾರಿಗೂ ಹೇಳದೆ ನುಸುಳಿ ಕೂತ ಈ ಹಸಿ ಸೌದೆಗೆ ಅವರಿಟ್ಟ ಹೆಸರು 'ಉಪಾಧಿ'. ಬಚ್ಚಿಟ್ಟುಕೊಂಡ ಷರತ್ತು. ಮಳೆಗಾಲದಲ್ಲಿ ಹಸಿ ಸೌದೆ ಒಟ್ಟಿ, ಊದುಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದ ನಮ್ಮಜ್ಜಿಗೆ ಉಪಾಧಿಯ ಪಾಠ ಯಾರೂ ಮಾಡಬೇಕಿರಲಿಲ್ಲ. ಬೆಂಕಿಯನ್ನು ಬಯ್ಯುತ್ತಿರಲಿಲ್ಲ, ಸೌದೆ ತಂದವನನ್ನು ಬಯ್ಯುತ್ತಿದ್ದಳು.

ಈಗ ನನ್ನ ರೂಲು ನೋಡಿ. ಹೆಸರು ಹೊಂದದಿದ್ದಲ್ಲೆಲ್ಲ ಮೋಸದ ಅನುಮಾನ. ಇಲ್ಲಿ ಹಸಿ ಸೌದೆ ಯಾವುದು? ಮೂರು ಕಡೆಯೂ ತನ್ನ ಹೆಸರನ್ನು ಆ ಮನುಷ್ಯನೇ ಬರೆದಿದ್ದರೆ ಮಾತ್ರ ಈ ಅನುಮಾನಕ್ಕೆ ಅರ್ಥ. ನಮ್ಮಮ್ಮನ ಹೆಸರನ್ನು ಅಮ್ಮ ಎಲ್ಲೂ ಬರೆದಿಲ್ಲ. ಒಂದು ಕಡೆ ಕಂಪ್ಯೂಟರ್ ಮುಂದೆ ಕೂತ ಹುಡುಗ, ಒಂದು ಕಡೆ ಬ್ಯಾಂಕ್ ಗುಮಾಸ್ತ, ಇನ್ನೊಂದು ಕಡೆ ಅವಸರದಲ್ಲಿದ್ದ ಇನ್ಯಾರೋ ತಮಗೆ ಕೇಳಿಸಿದ ಹಾಗೆ ಬರೆದುಕೊಂಡಿದ್ದಾರೆ. ನಗರದಲ್ಲಿ ಫಾರಂ ತುಂಬುವವರು ನಾವೇ, ಹಾಗಾಗಿ ಈ ಷರತ್ತು ಕಣ್ಣಿಗೇ ಬೀಳಲ್ಲ. ಟೀಮಿನಲ್ಲಿ ಆ ಷರತ್ತು ಕಾಣಬೇಕಿದ್ದವನು ನಾನೊಬ್ಬನೇ. ನನಗೂ ಕಾಣಲಿಲ್ಲ.

ಇನ್ನೊಂದು ಸಣ್ಣ ಆಶ್ಚರ್ಯ. ನಾವು ಲಾಜಿಕ್ಕಿಗೆ 'ತರ್ಕ' ಅಂತೀವಿ. ನ್ಯಾಯದಲ್ಲಿ ತರ್ಕ ಅನ್ನೋದು ಇಡೀ ಶಾಸ್ತ್ರದ ಹೆಸರಲ್ಲ, ಪಟ್ಟಿ ಮಾಡಿದ 16 ಪದಾರ್ಥಗಳಲ್ಲಿ ಒಂದು. ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲವಲ್ಲ ಅಂತ ಎದುರು ಮಾತನ್ನು ಊಹಿಸಿಕೊಂಡು ಸಂಶಯ ಕಳೆಯುವ ಉಪಾಯ ಅಷ್ಟೇ. ತಾನಾಗಿ ಅದು ಜ್ಞಾನ ಕೊಡಲ್ಲ, ಜ್ಞಾನಕ್ಕೆ ಸಹಾಯ ಮಾಡುತ್ತೆ. ಅದೇ ಪಟ್ಟಿಯಲ್ಲಿ ಮೂರು ಬಗೆಯ ಚರ್ಚೆಗಳೂ ಇವೆ. ನಿಜ ತಿಳಿಯೋಕೆ ಮಾಡುವುದು ವಾದ. ಗೆಲ್ಲಲೇಬೇಕು ಅಂತ ಮಾಡುವುದು ಜಲ್ಪ. ತನ್ನದೇ ನಿಲುವಿಲ್ಲದೆ ಎದುರಿನವನದನ್ನು ಕೆಡವೋಕೆ ಮಾತ್ರ ಮಾಡುವುದು ವಿತಂಡ. ಕೊನೆಯ ಎರಡಕ್ಕೂ ಜಾಗ ಕೊಟ್ಟಿದ್ದಾರೆ, ಮೊಳಕೆ ಕಾಯುವ ಮುಳ್ಳಿನ ಬೇಲಿಯಂತೆ. ಬೇಲಿಯೇ ಬೆಳೆ ಅಲ್ಲ ಅಂತ ಮಾತ್ರ ನೆನಪಿಟ್ಟುಕೊಳ್ಳಬೇಕು. ನಮ್ಮ ಎಷ್ಟು ಮೀಟಿಂಗುಗಳಲ್ಲಿ ಬರೀ ಬೇಲಿಯೇ ಇರುತ್ತೆ ಅಂತ ನೀವೇ ಲೆಕ್ಕ ಹಾಕಿ.

ಈ ಜಗಳ ನಮ್ಮ ನೆಲದಲ್ಲೂ ಜೋರಾಗಿಯೇ ನಡೆದಿದೆ. 16ನೇ ಶತಮಾನದ ವಿಜಯನಗರದಲ್ಲಿದ್ದ ವ್ಯಾಸತೀರ್ಥರನ್ನು ನಾವು ಕನ್ನಡ ಕೀರ್ತನೆಗಳಿಂದ, ದಾಸರ ಗುರುಗಳಾಗಿ ಬಲ್ಲೆವು. ಅವರೇ 'ತರ್ಕತಾಂಡವ' ಅಂತ ಸಂಸ್ಕೃತದಲ್ಲಿ ಗ್ರಂಥ ಬರೆದು, ಅಂದಿನ ಪ್ರಬಲ ನೈಯಾಯಿಕರ ನಿಲುವುಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ಅವರ ಪರಂಪರೆಯವರಿಗೆ ಐದು ಅಂಗಗಳೂ ಕಡ್ಡಾಯವಾಗಿರಲಿಲ್ಲ. ಎದುರಿನವನಿಗೆ ಏನು ಗೊತ್ತಿದೆ ಅನ್ನೋದರ ಮೇಲೆ ಎಷ್ಟು ಹೇಳಬೇಕು ಅನ್ನೋದು ನಿಲ್ಲುತ್ತೆ ಅಂತ ಅವರ ನಿಲುವು. ಭಜನೆಯಲ್ಲಿ ಹೆಸರು ಕೇಳಿ ಬೆಳೆದ ನನಗೆ ಅವರೊಬ್ಬ ಲಾಜಿಶಿಯನ್ ಅಂತ ಗೊತ್ತಾಗೋಕೆ ಮೂವತ್ತು ದಾಟಬೇಕಾಯಿತು.

ಹಾಗಂತ ನಮ್ಮ ದಾರಿಯೇ ಶ್ರೇಷ್ಠ ಅಂತ ಷರಾ ಬರೆದು ಮುಗಿಸೋಕಾಗಲ್ಲ. ನ್ಯಾಯದವರು ಅತಿ ಸೂಕ್ಷ್ಮವಾದ ಪಾರಿಭಾಷಿಕ ಸಂಸ್ಕೃತ ಕಟ್ಟಿದರು. ಆದರೆ ವಾದವನ್ನು ವಿಷಯದಿಂದ ಪೂರ್ತಿ ಬಿಡಿಸಿ ಬರೀ ಚಿಹ್ನೆಗಳ ಲೆಕ್ಕವಾಗಿಸುವ ಕಡೆ ಹೋಗಲಿಲ್ಲ. ಅಡುಗೆಮನೆಯನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟವರಿಂದಲೇ ಕಂಪ್ಯೂಟರ್ ಬಂತು.

17ನೇ ಶತಮಾನದಲ್ಲಿ ಲೈಬ್ನಿಟ್ಸ್ ಕನಸು ಕಂಡ: ಭಿನ್ನಾಭಿಪ್ರಾಯ ಬಂದಾಗ ಕೂಗಾಡುವುದು ಬೇಡ, ಲೆಕ್ಕದವರಂತೆ ಕೂತು ಲೆಕ್ಕ ಹಾಕಿಬಿಡೋಣ. ಆ ಕನಸಿಗೆ ಬೀಜಗಣಿತ ಕೊಟ್ಟವನು ಜಾರ್ಜ್ ಬೂಲ್. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ 1815ರಲ್ಲಿ ಚಪ್ಪಲಿ ಹೊಲಿಯುವವನ ಮಗನಾಗಿ ಹುಟ್ಟಿದ ಅವನು ಯಾವ ಯೂನಿವರ್ಸಿಟಿಯಲ್ಲೂ ಓದಿದವನಲ್ಲ. ಹದಿಹರೆಯದಲ್ಲೇ ಮೇಷ್ಟ್ರಾಗಿ ಮನೆ ಸಾಕಿದ, ಗಣಿತವನ್ನು ತಾನೇ ಕಲಿತ, 1849ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರೊಫೆಸರ್ ಆದ. 1854ರಲ್ಲಿ ಅವನ ದೊಡ್ಡ ಪುಸ್ತಕ ಬಂತು. ಮತ್ತು, ಅಥವಾ, ಅಲ್ಲ ಅನ್ನುವ ಮಾತುಗಳನ್ನು ಕೂಡುವ ಗುಣಿಸುವ ಲೆಕ್ಕವಾಗಿಸಿದ. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕ್ಲಾಡ್ ಶ್ಯಾನನ್ ತನ್ನ ಮಾಸ್ಟರ್ಸ್ ಥೀಸಿಸ್‌ನಲ್ಲಿ, ರಿಲೇ ಸ್ವಿಚ್ಚುಗಳ ಸರ್ಕ್ಯೂಟಿಗೂ ಇದೇ ಲೆಕ್ಕ ಒಪ್ಪುತ್ತೆ ಅಂತ ತೋರಿಸಿದ. ನನ್ನ ಬ್ರೆಡ್‌ಬೋರ್ಡಿನ ಎಲ್‌ಇಡಿ ಹೊತ್ತಿದ್ದು ಆ ದಾರಿಯಲ್ಲಿ.

ಬೂಲ್ ತನ್ನ ಪುಸ್ತಕಕ್ಕಿಟ್ಟ ಹೆಸರಿನ ಅರ್ಥ 'ಯೋಚನೆಯ ನಿಯಮಗಳ ಶೋಧ'. ಇಲ್ಲಿ ಆ ನಾಯಿಯ ಪ್ರಶ್ನೆ ವಾಪಸ್ ಬರುತ್ತೆ. ಲಾಜಿಕ್ ಯೋಚನೆಯ ನಿಯಮ ಅನ್ನೋದನ್ನು ಜರ್ಮನಿಯ ಯೇನಾ ಊರಿನ ಗೊಟ್ಲೋಬ್ ಫ್ರೆಗೆ ಖಡಾಖಂಡಿತವಾಗಿ ತಳ್ಳಿಹಾಕಿದ. ಜನ ಹೇಗೆ ಯೋಚಿಸ್ತಾರೆ ಅನ್ನೋದು ಮನಶ್ಶಾಸ್ತ್ರದ ವಿಷಯ. ಎಲ್ಲರೂ ಒಟ್ಟಿಗೆ ತಪ್ಪು ಯೋಚಿಸಿದರೆ ತಪ್ಪು ಸರಿಯಾಗಲ್ಲ. ಲಾಜಿಕ್ ಹುಡುಕಬೇಕಾದ್ದು ಸತ್ಯದ ನಿಯಮಗಳನ್ನು ಅನ್ನೋದು ಅವನ ಹಟ. 1879ರಲ್ಲಿ ತೆಳ್ಳಗಿನ ಒಂದು ಪುಸ್ತಕದಲ್ಲಿ 'ಎಲ್ಲ', 'ಕೆಲವು' ಎಂಬ ಪದಗಳನ್ನು ಪಳಗಿಸುವ ಹೊಸ ಬರವಣಿಗೆ ತಂದ. ಅರಿಸ್ಟಾಟಲ್‌ನ ನಂತರ ಲಾಜಿಕ್ಕಿನಲ್ಲಿ ಅಷ್ಟು ದೊಡ್ಡ ಹೆಜ್ಜೆ ಇನ್ನೊಂದಿಲ್ಲ ಅನ್ನುವವರಿದ್ದಾರೆ. ಆಗ ಓದಿದವರು ಕೆಲವರೇ.

ಅವನ ಗುರಿ ಅಂಕಗಣಿತವನ್ನು ಪೂರ್ತಿಯಾಗಿ ಲಾಜಿಕ್ಕಿನ ಅಡಿಪಾಯದ ಮೇಲೆ ಕಟ್ಟುವುದು. ಒಂದು ಹೆಜ್ಜೆಯನ್ನೂ ಊಹೆಗೆ ಬಿಡದೆ. ಮೊದಲ ಸಂಪುಟ 1893ರಲ್ಲಿ ಬಂತು. 1902ರ ಹೊತ್ತಿಗೆ ಎರಡನೆಯದು ಅಚ್ಚಿನಲ್ಲಿತ್ತು. ಫ್ರೆಗೆಗೆ 53 ವಯಸ್ಸು. ಜೂನ್ 16ರಂದು ಇಂಗ್ಲೆಂಡಿನಿಂದ 30 ವರ್ಷದ ಬರ್ಟ್ರಂಡ್ ರಸೆಲ್ ಒಂದು ಕಾಗದ ಬರೆದ. ನಿಮ್ಮ ಪುಸ್ತಕವನ್ನು ಮೆಚ್ಚಿದ್ದೇನೆ, ಒಂದೇ ಒಂದು ಕಡೆ ನನಗೆ ತೊಡಕಾಗಿದೆ ಅಂತ.

ಆ ತೊಡಕನ್ನು ಹೀಗೆ ಹೇಳಬಹುದು. ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿ ಇರುವ ರಿಜಿಸ್ಟರುಗಳಿವೆ ಅಂದುಕೊಳ್ಳಿ. ಕೆಲವು ರಿಜಿಸ್ಟರುಗಳು ತಮ್ಮ ಹೆಸರನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಿಕೊಂಡಿವೆ, ಕೆಲವು ಇಲ್ಲ. ಈಗ 'ತಮ್ಮ ಹೆಸರನ್ನು ಸೇರಿಸಿಕೊಳ್ಳದ ಎಲ್ಲ ರಿಜಿಸ್ಟರುಗಳ ರಿಜಿಸ್ಟರ್' ಒಂದನ್ನು ಮಾಡಿ. ಅದರಲ್ಲಿ ಅದರದೇ ಹೆಸರು ಬರೆಯಬೇಕಾ? ಬರೆದರೆ ಬರೆಯಬಾರದು, ಬರೆಯದಿದ್ದರೆ ಬರೆಯಲೇಬೇಕು. ಫ್ರೆಗೆ ಇಟ್ಟುಕೊಂಡಿದ್ದ ಐದನೇ ಮೂಲ ನಿಯಮ ಒಪ್ಪಿದರೆ ಯಾವ ಲಕ್ಷಣ ಹೇಳಿದರೂ ಆ ಲಕ್ಷಣವುಳ್ಳವುಗಳ ಒಂದು ಗುಂಪು ಇದ್ದೇ ಇರಬೇಕಾಗಿತ್ತು. ಹಾಗಾಗಿ ಈ ಅಸಾಧ್ಯ ಗುಂಪೂ ಒಳಗೆ ಬಂತು. ಗಮನಿಸಿ, ಅವನ ಹೆಜ್ಜೆಗಳಲ್ಲಿ ಬಗ್ ಇರಲಿಲ್ಲ. ಹೊರಟ ಜಾಗದಲ್ಲಿತ್ತು. ಜಗಳ ಬಂದರೆ ಈ ಐದನೇ ನಿಯಮದ ಮೇಲೆಯೇ ಬಂದೀತು ಅಂತ ಮೊದಲ ಸಂಪುಟದಲ್ಲಿ ತಾನೇ ಬರೆದುಕೊಂಡಿದ್ದ.

ಈಗ ಫ್ರೆಗೆ ಏನು ಮಾಡಬಹುದಿತ್ತು? ನಮ್ಮಲ್ಲಾದರೆ 'ಇದು ಎಡ್ಜ್ ಕೇಸ್, ನೆಕ್ಸ್ಟ್ ರಿಲೀಸಿನಲ್ಲಿ ನೋಡೋಣ' ಅಂತಿದ್ದೆವು. ಅವನು ಆರನೇ ದಿನ, ಜೂನ್ 22ರಂದು, ಉತ್ತರ ಬರೆದ. ನಿಮ್ಮ ಶೋಧ ನನ್ನನ್ನು ದಂಗುಬಡಿಸಿದೆ, ನಾನು ಕಟ್ಟಹೊರಟ ಅಡಿಪಾಯವೇ ಅಲುಗಾಡಿದೆ, ಆದರೂ ಇದರಿಂದ ಲಾಜಿಕ್ಕಿಗೆ ದೊಡ್ಡ ಲಾಭವಾಗಬಹುದು ಎಂಬರ್ಥದಲ್ಲಿ. 1903ರಲ್ಲಿ ಬಂದ ಎರಡನೇ ಸಂಪುಟಕ್ಕೆ ಅನುಬಂಧ ಸೇರಿಸಿ, ತನ್ನ ಕಟ್ಟಡದ ಬಿರುಕನ್ನು ತಾನೇ ಓದುಗರಿಗೆ ತೋರಿಸಿದ. ಅರವತ್ತು ವರ್ಷ ಕಳೆದ ಮೇಲೆ ರಸೆಲ್ ಇದನ್ನು ನೆನೆದು, ಪ್ರಾಮಾಣಿಕತೆಯಲ್ಲಿ ಇದಕ್ಕೆ ಸಾಟಿಯಾದದ್ದು ತಾನು ಕಂಡಿಲ್ಲ ಎಂಬ ಮಾತು ಬರೆದ.

ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ನಾನೂ ಫ್ರೆಗೆಯ ಫೋಟೋ ಡೆಸ್ಕಿನ ಮೇಲೆ ಅಂಟಿಸಿಕೊಳ್ತಿದ್ದೆ. ಆದರೆ 1924ರಲ್ಲಿ, ಸಾಯುವ ಹಿಂದಿನ ವರ್ಷ, ಅವನು ಬರೆದ ಡೈರಿ ಉಳಿದಿದೆ. 1994ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಯಹೂದಿಗಳ ಮೇಲೆ ದ್ವೇಷವಿದೆ, ಅವರಿಗೆ ದೇಶದಲ್ಲಿ ರಾಜಕೀಯ ಹಕ್ಕು ಇರಬಾರದು ಅನ್ನುವ ಯೋಚನೆಯಿದೆ. ಎಲ್ಲರೂ ಒಟ್ಟಿಗೆ ತಪ್ಪಿದರೆ ತಪ್ಪು ಸರಿಯಾಗಲ್ಲ ಅಂದ ಮನುಷ್ಯ, ಸುತ್ತಲಿನವರು ಆಗ ಆಡುತ್ತಿದ್ದ ತಪ್ಪನ್ನೇ ತನ್ನ ಡೈರಿಯಲ್ಲಿ ಇಳಿಸಿಕೊಂಡ. ಗುಂಪುಗಳ ಬಗ್ಗೆ ಒಂದು ಕಾಗದ ಬಂದಾಗ ಜೀವಮಾನದ ಕೆಲಸವನ್ನೇ ಪಕ್ಕಕ್ಕಿಟ್ಟು ನೋಡಿದವನು ಜನರ ಗುಂಪಿನ ಬಗ್ಗೆ ತನ್ನ ಆಧಾರವೇನು ಅಂತ ಕೇಳಿಕೊಳ್ಳಲಿಲ್ಲ.

ಓದಿ ತುಂಬ ದಿನ ಬೇಜಾರಾಗಿತ್ತು. ಆಮೇಲೆ ಅನ್ನಿಸಿತು, ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಲಾಜಿಕ್ ಕಾಯುವುದು ಹೆಜ್ಜೆಯನ್ನು. ನಿಜದಿಂದ ಹೊರಟರೆ ದಾರಿಯಲ್ಲಿ ನಿಜ ಕಳೆದುಹೋಗದಂತೆ ನೋಡಿಕೊಳ್ಳುತ್ತೆ. ಅದು ಸಣ್ಣ ಕೆಲಸವಲ್ಲ, ಸೇತುವೆಗಳು, ವಿಮಾನಗಳು, ನಿಮ್ಮ ಯುಪಿಐ ಪೇಮೆಂಟು ಎಲ್ಲ ಅದರ ಮೇಲೆ ನಿಂತಿವೆ. ಆದರೆ ಎಲ್ಲಿಂದ ಹೊರಡಬೇಕು ಅಂತ ಅದು ಹೇಳಲ್ಲ. ದ್ವೇಷದಿಂದ ಹೊರಟರೆ ಅಷ್ಟೇ ನಿಷ್ಠೆಯಿಂದ ದ್ವೇಷದ ಕೊನೆಗೆ ತಲುಪಿಸುತ್ತೆ. ಉಪಕರಣವೋ ಅಂಗವೋ ಅನ್ನುವ ಹಳೆಯ ಜಗಳದಲ್ಲಿ ನಾನೀಗ ಸ್ಟೋಯಿಕರ ಕಡೆ, ನೈಯಾಯಿಕರ ಕಡೆ. ಹೊರಟ ಜಾಗ ನೋಡುವುದೂ ಲಾಜಿಕ್ಕಿನ ಕೆಲಸವೇ ಅಂದುಕೊಂಡರೆ ಕೈ ತೊಳೆದುಕೊಳ್ಳೋಕಾಗಲ್ಲ.

ರಸೆಲ್ ತೋರಿಸಿದ ಬಿರುಕಿನಿಂದ ಲಾಭವೂ ಆಯಿತು. ಗಣಿತದ ಅಡಿಪಾಯ ಗಟ್ಟಿ ಮಾಡುವ ಪ್ರಯತ್ನಗಳು ಶುರುವಾದವು. 1931ರಲ್ಲಿ ಗೋಡೆಲ್, ಅಂಕಗಣಿತ ಮಾಡುವಷ್ಟು ಶಕ್ತಿಯಿರುವ, ವಿರೋಧಾಭಾಸವಿಲ್ಲದ, ನಿಯಮಬದ್ಧವಾದ ಯಾವ ವ್ಯವಸ್ಥೆಯಲ್ಲೂ ಸಾಧಿಸಲೂ ಆಗದ ಅಲ್ಲಗಳೆಯಲೂ ಆಗದ ಮಾತುಗಳು ಉಳಿದೇ ಉಳಿಯುತ್ತವೆ ಅಂತ ತೋರಿಸಿದ. 1936ರಲ್ಲಿ ಟ್ಯೂರಿಂಗ್, ಯಾವ ಲೆಕ್ಕವನ್ನು ಯಂತ್ರ ಮಾಡಬಲ್ಲದು, ಯಾವುದನ್ನು ಮಾಡಲಾರದು ಅಂತ ಗೆರೆ ಎಳೆಯೋಕೆ ಒಂದು ಕಾಲ್ಪನಿಕ ಯಂತ್ರ ಕಟ್ಟಿದ. ನಾನು ಇದನ್ನು ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪಿನ ವಂಶವೃಕ್ಷದಲ್ಲಿ ಅದೂ ಇದೆ. ಕಂಪ್ಯೂಟರಿನ ಕಲ್ಪನೆ ಹುಟ್ಟಿದ್ದೇ ಲಾಜಿಕ್ಕಿನ ಮಿತಿ ಎಲ್ಲಿ ಅಂತ ಹುಡುಕುವಾಗ. ನಾವು ಅದೇ ಕಂಪ್ಯೂಟರ್ ಮುಂದೆ ಕೂತು, ಲಾಜಿಕ್ಕಿಗೆ ಮಿತಿಯೇ ಇಲ್ಲ ಅನ್ನುವ ಹಾಗೆ ಮಾತಾಡ್ತೀವಿ.

ನನ್ನ ರೂಲು ಏನಾಯಿತು? ಮರುದಿನ ಮ್ಯಾನೇಜರ್ ಹತ್ತಿರ ಹೋಗಿ, ಲಾಜಿಕ್ ಕರೆಕ್ಟಾಗಿದೆ ಅಂದಿದ್ದು ತಪ್ಪು ಅಂತ ಹೇಳಿದೆ. ಅಮ್ಮನ ಮೂರು ದಾಖಲೆಗಳ ಫೋಟೋ ತೋರಿಸಿದೆ. ಅವರು ನಕ್ಕರು, ಆಮೇಲೆ ನಗಲಿಲ್ಲ. ಬದಲಾವಣೆ ಪ್ರೊಡಕ್ಷನ್ನಿಗೆ ಹೋಗೋಕೆ ನಾಲ್ಕು ತಿಂಗಳು ಹಿಡಿಯಿತು. ಹೆಸರು ಹೊಂದದಿದ್ದರೆ ರಿಜೆಕ್ಟ್ ಬದಲು ಒಬ್ಬ ಮನುಷ್ಯ ಕೂತು ನೋಡಬೇಕು ಅಂತ ಆಯಿತು. ಅಷ್ಟರೊಳಗೆ ಬಿದ್ದುಹೋದವರನ್ನು ಯಾರೂ ವಾಪಸ್ ಕರೆಯಲಿಲ್ಲ. ಕರೆಯಿರಿ ಅಂತ ಒಂದು ಸಲ ಹೇಳಿದೆ, ಬಜೆಟ್ ಇಲ್ಲ ಅಂದರು, ಸುಮ್ಮನಾದೆ. ಫ್ರೆಗೆಯ ಅನುಬಂಧ ಓದುವಾಗೆಲ್ಲ ನನ್ನ ಆ ಸುಮ್ಮನಾಗುವಿಕೆ ನೆನಪಾಗುತ್ತೆ.

ಈಗ ಬೇರೆ ಕಂಪನಿ. ಜೂನಿಯರ್‌ಗಳ ಕೋಡ್ ರಿವ್ಯೂ ಮಾಡುವಾಗ ಹೆಜ್ಜೆ ಸರಿಯಿದೆಯಾ ಅಂತ ಟೆಸ್ಟ್‌ಗಳು ನೋಡಿಕೊಳ್ತವೆ. ನಾನು ಕೇಳೋದು ನ್ಯಾಯದವರ ಮೂರನೇ ಅಂಗ. "ಎಲ್ಲ ಯೂಸರ್‌ಗಳೂ ಹೀಗೆ ಅಂತ ಬರೆದಿದ್ದೀಯಲ್ಲ, ನಿಂಗೆ ಗೊತ್ತಿರೋ ಒಬ್ಬರ ಹೆಸರು ಹೇಳು. ಹಾಗಲ್ಲದೇ ಇರೋ ಒಬ್ಬರನ್ನ ಹುಡುಕು." ಮೊದಮೊದಲು ಹುಡುಗರು ಕಣ್ಣು ಬಿಡ್ತಾರೆ. ಆಮೇಲೆ ಒಬ್ಬಳು ತನ್ನಜ್ಜಿಯ ಬಗ್ಗೆ ಹೇಳ್ತಾಳೆ, ಇನ್ನೊಬ್ಬ ಊರಿನ ಆಟೋದವನ ಬಗ್ಗೆ. ರೂಲು ಬದಲಾಗುತ್ತೆ.

ಹೋದ ಸಲ ಊರಿಗೆ ಹೋದಾಗ ಅಮ್ಮನ ಹೆಸರನ್ನು ಎಲ್ಲ ಕಡೆ ಒಂದೇ ಮಾಡಿಸೋಣ ಅಂತ ಕೂತೆ. "ಯಾವುದನ್ನ ಇಡೋಣಮ್ಮ?" ಅಂದೆ. ಅಮ್ಮ ಅವರೆಕಾಯಿ ಬಿಡಿಸ್ತಾ ಸ್ವಲ್ಪ ಹೊತ್ತು ಯೋಚಿಸಿದಳು. "ಅವರವರು ಕರೆದಂಗೆ ಬರಕೊಂಡವ್ರೆ. ಮೂರೂ ನಾನೇ ಅಲ್ವೇನಪ್ಪ?"

ಫಾರಂ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.